ಔಡಲ, ಗುಲಗಂಜಿ ಮತ್ತು ಬರ್ಲಿನ್ನಿನ ಇಲಿಗಳು

ನಾರಾಯಣಪೇಟೆ, ಮಖ್ತಲ, ಗದ್ವಾಲ ಸೀಮೆಯ ಎಷ್ಟೋ ಮನೆಗಳಲ್ಲಿ ಒಳಗಿನ ಮಾತು ಕನ್ನಡ, ಸಂತೆಯ ಮಾತು ತೆಲುಗು. ಅಜ್ಜಂದಿರ ಕಾಲಕ್ಕೆ ಕಚೇರಿಯ ಮಾತು ಉರ್ದು. ಗದ್ವಾಲ ಮತ್ತು ಆಲಂಪುರ 1956ರವರೆಗೆ ರಾಯಚೂರು ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಮಸಾರಿ ಹೊಲದ ಔಡಲ ಇಲ್ಲಿ ಸಂತೆಗೆ ಹೋದರೆ ಆಮುದಂ, ಬೇಲಿಯ ಮೇಲಿನ ಗುಲಗಂಜಿ ಪಕ್ಕದ ಮನೆಯವರ ಬಾಯಲ್ಲಿ ಗುರಿವಿಂದ. ರೋಗನಿರೋಧಕ ಶಕ್ತಿ ಹೇಗೆ ಕೆಲಸ ಮಾಡುತ್ತದೆ ಎಂಬ ದೊಡ್ಡ ಗುಟ್ಟೊಂದನ್ನು ಜಗತ್ತಿಗೆ ಬಿಟ್ಟುಕೊಟ್ಟದ್ದು ಈ ಎರಡು ಗಿಡಗಳ ಬೀಜಗಳು. ಅವು ಬೆಳೆಯುವ ಊರುಗಳಲ್ಲಿ ಈ ಕತೆಯನ್ನು ಯಾರೂ ಹೇಳುತ್ತಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಮಹಬೂಬನಗರ ಜಿಲ್ಲೆ ಔಡಲದ ಸೀಮೆ. ಜೂರಾಲ ಅಣೆಕಟ್ಟಿನ ನೀರು ಹರಿದ ಕಡೆ ಈಗ ಭತ್ತವಿದೆ, ಗದ್ವಾಲದ ಸುತ್ತ ಹತ್ತಿಬೀಜದ ಹೊಲಗಳಿವೆ. ಆದರೆ ಮಳೆಯನ್ನೇ ನೆಚ್ಚಿದ ತೆಳು ಕೆಂಪು ಮಣ್ಣಿನಲ್ಲಿ ಔಡಲವೇ ಬಡವರ ಬೆಳೆಯಾಗಿತ್ತು. ನಾಗರಕರ್ನೂಲು ಕಡೆಯ ಪಾಲೆಂ ಸಂಶೋಧನಾ ಕೇಂದ್ರ ಈ ಮಣ್ಣಿಗೆಂದೇ ಔಡಲದ ತಳಿಗಳನ್ನು ಬೆಳೆಸಿ ಕೊಟ್ಟಿದೆ. ಮನೆಯೊಳಗೆ ಔಡಲೆಣ್ಣೆಯ ಸ್ಥಾನ ಇನ್ನೂ ದೊಡ್ಡದು: ಕೂಸಿನ ನೆತ್ತಿಗೆ, ಬಾಣಂತಿಯ ಸೊಂಟಕ್ಕೆ, ಬಂಡಿಯ ಅಚ್ಚಿಗೆ, ದೇವರ ದೀಪಕ್ಕೆ. ಮೊಣಕಾಲು ಹಿಡಿದರೆ ಔಡಲದ ಎಲೆ ಬಾಡಿಸಿ ಕಟ್ಟುವುದು. ಚರಕ, ಸುಶ್ರುತರ ಗ್ರಂಥಗಳಲ್ಲಿ ಏರಂಡವೆಂದು ಬರುವುದು ಇದೇ.

ಇದರ ಜೊತೆಗೆ ರೈತರಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಶೇಂಗಾ ಹಿಂಡಿಯನ್ನು ದನಕ್ಕೆ ಇಡಬಹುದು, ಔಡಲದ ಹಿಂಡಿಯನ್ನು ಇಡುವಂತಿಲ್ಲ. ಅದು ಹೊಲಕ್ಕೆ ಗೊಬ್ಬರವೇ ಹೊರತು ಕೊಟ್ಟಿಗೆಗೆ ಮೇವಲ್ಲ. ಎಣ್ಣೆಯನ್ನು ಕೂಸಿನ ನೆತ್ತಿಗೆ ಹಚ್ಚಬಹುದು, ಎಣ್ಣೆ ತೆಗೆದ ಮೇಲೆ ಉಳಿದದ್ದನ್ನು ಎಮ್ಮೆ ತಿಂದರೆ ಎಮ್ಮೆ ಸಾಯುತ್ತದೆ. ಒಂದೇ ಬೀಜದೊಳಗೆ ಇವೆರಡೂ ಹೇಗೆ? ಯುರೋಪಿನ ರಸಾಯನ ಪಂಡಿತರನ್ನು 19ನೆಯ ಶತಮಾನವಿಡೀ ಕಾಡಿದ ಪ್ರಶ್ನೆ ಇದು. ಭೇದಿಗೆಂದು ಅಲ್ಲಿನ ಔಷಧದಂಗಡಿಗಳೂ ಔಡಲೆಣ್ಣೆ ಮಾರುತ್ತಿದ್ದವು. ಎಣ್ಣೆ ಕುಡಿದವರು ಬದುಕುತ್ತಿದ್ದರು, ಬೀಜ ಅಗಿದು ತಿಂದ ಮಕ್ಕಳು ಸಾಯುತ್ತಿದ್ದರು.

ಉತ್ತರ ಸಿಕ್ಕಿದ್ದು ಈಗಿನ ಎಸ್ಟೋನಿಯ ದೇಶದ ತಾರ್ತುವಿನಲ್ಲಿ. ಆಗ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದ, ಜರ್ಮನ್ ಭಾಷೆಯಲ್ಲಿ ಪಾಠ ನಡೆಯುತ್ತಿದ್ದ ಡೋರ್ಪಾಟ್ ವಿಶ್ವವಿದ್ಯಾಲಯ. ಅಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರುಡಾಲ್ಫ್ ಕೋಬರ್ಟ್ ತಮ್ಮ ಶಿಷ್ಯ ಪೀಟರ್ ಹೆರ್ಮನ್ ಸ್ಟಿಲ್ಮಾರ್ಕ್‌ಗೆ ಔಡಲಬೀಜದ ವಿಷವನ್ನು ಹುಡುಕಲು ಹೇಳಿದರು. 1888ರಲ್ಲಿ ಸ್ಟಿಲ್ಮಾರ್ಕ್ ಬರೆದ ಪ್ರಬಂಧದಲ್ಲಿ ವಿಷಕ್ಕೆ ರೈಸಿನ್ ಎಂಬ ಹೆಸರು ಸಿಕ್ಕಿತು. ಅದು ಪ್ರೋಟೀನು. ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಗಾಣದಲ್ಲಿ ಎಣ್ಣೆ ಒಂದು ಕಡೆ ಹರಿದರೆ ವಿಷ ಹಿಂಡಿಯಲ್ಲೇ ನಿಲ್ಲುತ್ತದೆ. ಕಾವು ತಗುಲಿದರೆ ಅದು ಕೆಡುತ್ತದೆ. ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುತ್ತಿದ್ದ ನಮ್ಮ ಹಳ್ಳಿಯ ಹೆಂಗಸರ ಪದ್ಧತಿ ಎಷ್ಟು ಸರಿಯಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಸ್ಟಿಲ್ಮಾರ್ಕ್ ಇನ್ನೊಂದು ವಿಚಿತ್ರವನ್ನೂ ಕಂಡರು. ಪ್ರಾಣಿಯ ರಕ್ತಕ್ಕೆ ರೈಸಿನ್ ಬೆರೆಸಿದರೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಗುತ್ತಿದ್ದವು. ಸಾವಿಗೆ ಇದೇ ಕಾರಣವೆಂದು ಅವರು ನಂಬಿದರು. ಆ ನಂಬಿಕೆ ಆಮೇಲೆ ನಿಲ್ಲಲಿಲ್ಲ. ಆದರೆ ಬೀಜದಿಂದ ಬಂದ ಪ್ರೋಟೀನು ರಕ್ತಕಣವನ್ನು ಗುರುತಿಸಿ ಹಿಡಿಯುತ್ತದೆ ಎಂಬ ಅವರ ನೋಟ ನಿಂತಿತು. ಇಂಥ ಪ್ರೋಟೀನುಗಳಿಗೆ ಈಗ ಲೆಕ್ಟಿನ್ ಎಂದು ಹೆಸರು.

ಗುಲಗಂಜಿಯ ದಾರಿ ಬೇರೆ. ಪತ್ತಾರರ ತಕ್ಕಡಿಯಲ್ಲಿ ಅದು ತೂಕದ ಕಲ್ಲು. 96 ಗುಂಜಿಗೆ ಒಂದು ತೊಲ. ಕೆಂಪು ಮೈ, ಕಪ್ಪು ಕಣ್ಣು, ಒಂದಕ್ಕೊಂದು ಬಹಳ ಹೆಚ್ಚುಕಡಿಮೆಯಿಲ್ಲದ ತೂಕ. ಆಯುರ್ವೇದ ಗುಂಜಾಬೀಜವನ್ನು ಉಪವಿಷಗಳ ಸಾಲಿನಲ್ಲಿ ಇಟ್ಟು, ಹಾಲಿನಲ್ಲಿ ಬೇಯಿಸಿ ಶೋಧಿಸದೆ ಮುಟ್ಟಬಾರದೆಂದು ವಿಧಿಸಿತ್ತು. ಬ್ರಿಟಿಷರ ಕಾಲದಲ್ಲಿ, ಚರ್ಮದ ಆಸೆಗೆ ದನಗಳನ್ನು ಗುಟ್ಟಾಗಿ ಕೊಲ್ಲಲು ಈ ಬೀಜವನ್ನು ಬಳಸಿದ ಪ್ರಕರಣಗಳು ಪೊಲೀಸು ದಾಖಲೆಗಳನ್ನೂ ಸೇರಿದವು, ವೈದ್ಯರ ಪುಸ್ತಕಗಳನ್ನೂ ಸೇರಿದವು.

ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಗುಲಗಂಜಿ ಕಣ್ಣಿನ ಔಷಧವಾಗಿ ಹೆಸರು ಮಾಡಿತ್ತು. ಬ್ರೆಜಿಲ್ ದೇಶದ ಜನ ಇದರ ಕಷಾಯವನ್ನು ಟ್ರಕೋಮ ಎಂಬ ಕಣ್ಣಿನ ರೋಗಕ್ಕೆ ಹಾಕುತ್ತಾರೆಂದು ತಿಳಿದ ಲೂಯಿ ದ ವೆಕರ್ ಎಂಬ ಪ್ರಸಿದ್ಧ ಕಣ್ಣಿನ ವೈದ್ಯರು 1882ರಲ್ಲಿ ಅದನ್ನು ತಮ್ಮ ರೋಗಿಗಳ ಮೇಲೆ ಪ್ರಯೋಗಿಸಿದರು. ಕಷಾಯ ಬಿದ್ದ ಕಣ್ಣು ಭಯಂಕರವಾಗಿ ಊದಿಕೊಳ್ಳುತ್ತಿತ್ತು. ಊತ ಇಳಿದಾಗ ಕೆಲವರ ಕಣ್ಣಿನ ಮೇಲಿನ ಪೊರೆಯೂ ತಿಳಿಯಾಗುತ್ತಿತ್ತು, ಕೆಲವರ ಕಣ್ಣೇ ಹೋಗುತ್ತಿತ್ತು. ಊತಕ್ಕೆ ಕಾರಣವೇನು? ಅದು ಕಾಖ್ ಮತ್ತು ಪಾಶ್ಚರರ ಕಾಲ, ಎಲ್ಲರ ಬಾಯಲ್ಲೂ ಸೂಕ್ಷ್ಮಾಣುವಿನ ಮಾತು. ಗುಲಗಂಜಿ ಕಷಾಯದಲ್ಲಿ ಒಂದು ಬ್ಯಾಸಿಲಸ್ ಬೆಳೆಯುತ್ತದೆ, ಕಣ್ಣು ಊದಿಸುವುದು ಅದೇ ಎಂದು ಜರ್ಮನಿಯ ಹುಬರ್ಟ್ ಜಾಟ್ಲರ್ 1883ರಲ್ಲಿ ವಾದಿಸಿದರು. ಆ ವಾದಕ್ಕೆ ಬಲವಾದ ಉತ್ತರ ಹೋದದ್ದು ಕಲ್ಕತ್ತೆಯಿಂದ. ಅಲ್ಲಿನ ಮೆಡಿಕಲ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವಾರ್ಡನ್ ಮತ್ತು ಡಾಕ್ಟರ್ ವಾಡೆಲ್ 1884ರಲ್ಲಿ ಪುಸ್ತಕವನ್ನೇ ಪ್ರಕಟಿಸಿ, ಗುಲಗಂಜಿಯ ವಿಷ ಸೂಕ್ಷ್ಮಾಣುವಿನದಲ್ಲ, ಬೀಜದ ಪ್ರೋಟೀನಿನದು ಎಂದು ತೋರಿಸಿಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು ಏಬ್ರಿನ್. ಭಾರತದ ಗಿಡದ ಮೇಲೆ ಭಾರತದಲ್ಲೇ ನಡೆದ ಈ ಕೆಲಸವನ್ನು ಇಮ್ಯುನಾಲಜಿಯ ಇತಿಹಾಸಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಅದು ಸರಿಯಲ್ಲ. ಏಬ್ರಿನ್ ಒಂದು ಪ್ರೋಟೀನು ಎಂಬುದು ಖಚಿತವಾಗಿರದಿದ್ದರೆ ಮುಂದಿನ ಹೆಜ್ಜೆಯೇ ಇರುತ್ತಿರಲಿಲ್ಲ.

ಆ ಹೆಜ್ಜೆ ಇಟ್ಟವರು ಜರ್ಮನಿಯ ವೈದ್ಯವಿಜ್ಞಾನಿ ಪೌಲ್ ಎರ್ಲಿಕ್. ಕ್ಷಯ ತಗುಲಿ, ಒಣ ಹವೆಗೆಂದು ಈಜಿಪ್ಟಿಗೆ ಹೋಗಿ, 1889ರಲ್ಲಿ ಬರ್ಲಿನ್ನಿಗೆ ಮರಳಿದ್ದರು. ಕೈಯಲ್ಲಿ ದೊಡ್ಡ ಹುದ್ದೆಯಿಲ್ಲ; ಖಾಸಗಿಯಾಗಿ ಒಂದು ಚಿಕ್ಕ ಪ್ರಯೋಗಶಾಲೆ ಮಾಡಿಕೊಂಡಿದ್ದರು. 1890ರ ಡಿಸೆಂಬರಿನಲ್ಲಿ ಅದೇ ಊರಿನ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಾಸಬುರೊ ದೊಡ್ಡ ಸುದ್ದಿ ಮಾಡಿದರು: ಧನುರ್ವಾಯುವಿನ ವಿಷವನ್ನು ತಾಳಿಕೊಂಡ ಪ್ರಾಣಿಯ ರಕ್ತದ ಸೀರಮ್ಮನ್ನು ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಅದೂ ಆ ವಿಷದಿಂದ ಪಾರಾಗುತ್ತದೆ. ರಕ್ತದಲ್ಲಿ ಏನೋ ಒಂದು ವಿಷವನ್ನು ತಡೆಯುತ್ತಿದೆ. ಅದು ಏನು, ಹೇಗೆ ಹುಟ್ಟುತ್ತದೆ, ಎಷ್ಟು ಹುಟ್ಟುತ್ತದೆ? ಅಳೆಯಲು ಹೊರಟರೆ ಸೂಕ್ಷ್ಮಾಣುವಿನ ವಿಷ ಕೈಗೆ ನಿಲ್ಲುತ್ತಿರಲಿಲ್ಲ. ಒಂದು ಸೀಸೆಯದ್ದು ತೀಕ್ಷ್ಣ, ಇನ್ನೊಂದರದ್ದು ಸಪ್ಪೆ. ಇಟ್ಟಷ್ಟು ದಿನ ಬಲ ಕುಂದುತ್ತಿತ್ತು.

ಎರ್ಲಿಕ್ ಹಿಡಿದದ್ದು ಗಿಡದ ವಿಷವನ್ನು. ರೈಸಿನ್ ಪುಡಿಯಾಗಿ ಸಿಗುತ್ತದೆ, ತೂಗಲು ಬರುತ್ತದೆ, ಇಂದು ಕೊಟ್ಟ ಪ್ರಮಾಣವನ್ನೇ ನಾಳೆಯೂ ಕೊಡಬಹುದು. ಬೇರೆ ಪ್ರಾಣಿಗಳಿಗಿಂತ ಇಲಿ ಈ ವಿಷವನ್ನು ಸ್ವಲ್ಪ ಹೆಚ್ಚು ತಡೆಯುತ್ತದೆ ಎಂದು ಕಂಡುಕೊಂಡು, ಬಿಸ್ಕತ್ತಿಗೆ ಅತಿ ಸಣ್ಣ ಪ್ರಮಾಣದ ರೈಸಿನ್ ಸೇರಿಸಿ ಇಲಿಗಳಿಗೆ ತಿನ್ನಿಸಿದರು. ದಿನದಿಂದ ದಿನಕ್ಕೆ ಪ್ರಮಾಣ ಏರಿಸುತ್ತ ಹೋದರು. ಮೊದಲ ಕೆಲವು ದಿನ ಯಾವ ವ್ಯತ್ಯಾಸವೂ ಇಲ್ಲ. ಸುಮಾರು ಆರನೆಯ ದಿನಕ್ಕೆ ಇಲಿಯ ತಾಳಿಕೆ ಇದ್ದಕ್ಕಿದ್ದಂತೆ ಜಿಗಿಯಿತು. ಅಲ್ಲಿಂದ ಏರಿದ್ದೇ ಏರಿದ್ದು. ಮಾಮೂಲು ಇಲಿಯನ್ನು ಕೊಲ್ಲುವ ಪ್ರಮಾಣದ ನೂರಾರು ಪಟ್ಟನ್ನು ಈ ಇಲಿಗಳು ತಾಳಿಕೊಂಡವು. ತಿನ್ನಿಸುವುದನ್ನು ನಿಲ್ಲಿಸಿ ತಿಂಗಳುಗಳು ಕಳೆದರೂ ತಾಳಿಕೆ ಉಳಿದಿತ್ತು.

ಇಲ್ಲಿ ಎರ್ಲಿಕ್ ಕೇಳಿದ ಪ್ರಶ್ನೆ ನನಗೆ ಈ ಇಡೀ ಕತೆಯ ಜೀವವೆನಿಸುತ್ತದೆ. ಈ ಇಲಿಗಳು ಒಟ್ಟಾರೆ ಗಟ್ಟಿಯಾಗಿವೆಯೋ, ಅಥವಾ ರೈಸಿನ್ನಿಗೆ ಮಾತ್ರ ಗಟ್ಟಿಯಾಗಿವೆಯೋ? ಪರೀಕ್ಷಿಸಲು ಬೇಕಾದದ್ದು ರೈಸಿನ್ನಿಗೆ ತೀರ ಹತ್ತಿರದ, ಆದರೆ ಬೇರೆಯದೇ ಆದ ವಿಷ. ಅದು ಗುಲಗಂಜಿಯಲ್ಲಿತ್ತು. ರೈಸಿನ್ ಮಾಡುವುದನ್ನೆಲ್ಲ ಏಬ್ರಿನ್ ಕೂಡ ಮಾಡುತ್ತದೆ: ಅದೂ ಪ್ರೋಟೀನು, ಅದೂ ರಕ್ತಕಣವನ್ನು ಗಂಟುಕಟ್ಟಿಸುತ್ತದೆ, ಅದೂ ಹಾಗೆಯೇ ಕೊಲ್ಲುತ್ತದೆ. ಇವೆರಡೂ ಒಂದೇ ವಸ್ತುವಿರಬಹುದೇ ಎಂಬ ಗುಮಾನಿಯೂ ಆಗ ಇತ್ತು. ನೂರಾರು ಪಟ್ಟು ರೈಸಿನ್ ಜೀರ್ಣಿಸಿಕೊಂಡ ಇಲಿಗೆ ಏಬ್ರಿನ್ ಕೊಟ್ಟರೆ ಅದು ಯಾವುದೇ ಬಡಪಾಯಿ ಇಲಿಯ ಹಾಗೆಯೇ ಸತ್ತುಹೋಯಿತು. ಏಬ್ರಿನ್ನಿಗೆ ಪಳಗಿದ ಇಲಿ ರೈಸಿನ್ನಿಗೆ ಸತ್ತಿತು. ಔಡಲಕ್ಕೆ ಎದ್ದ ತಡೆ ಔಡಲಕ್ಕಷ್ಟೇ, ಗುಲಗಂಜಿಗೆ ಎದ್ದದ್ದು ಗುಲಗಂಜಿಗಷ್ಟೇ. ಪತ್ತಾರರ ಅಂಗಡಿಯ ಬೀಗದ ಕೈಯಿಂದ ಪಕ್ಕದ ಮನೆಯ ಬೀಗ ತೆರೆಯದಷ್ಟು ಖಚಿತವಾಗಿ ದೇಹ ಒಂದೊಂದು ವಸ್ತುವನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ.

1891ರಲ್ಲಿ ಎರ್ಲಿಕ್ ಇದನ್ನು ಎರಡು ಭಾಗಗಳ ಲೇಖನವಾಗಿ ಜರ್ಮನಿಯ ವೈದ್ಯ ವಾರಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದನೆಯ ಭಾಗ ರೈಸಿನ್, ಎರಡನೆಯದು ಏಬ್ರಿನ್. ಅದೇ ವರ್ಷ ಈ ಪ್ರಯೋಗಗಳಿಂದ ಒಂದು ತರ್ಕವನ್ನೂ ತೆಗೆದರು: ಎರಡು ವಿಷಗಳು ರಕ್ತದಲ್ಲಿ ಎರಡು ಬೇರೆ ತಡೆವಸ್ತುಗಳನ್ನು ಹುಟ್ಟಿಸುತ್ತವೆ ಎಂದರೆ ಆ ವಿಷಗಳೇ ಬೇರೆ ಬೇರೆ. ಆ ತಡೆವಸ್ತುವಿಗೆ ಅಲ್ಲಿ ಅವರು ಬಳಸಿದ ಪದವೇ ಇಂದು ನಾವು ಪ್ರತಿಕಾಯ ಅನ್ನುವುದರ ಮೂಲ. ಕೊರೊನಾ ಕಾಲದಲ್ಲಿ ಮನೆಮನೆಯ ಮಾತಾದ ಆಂಟಿಬಾಡಿ ಮೊದಲ ಸಲ ಅಚ್ಚಿಗೆ ಬಂದದ್ದು ಔಡಲ ಮತ್ತು ಗುಲಗಂಜಿಯ ಮೇಲಿನ ಕೆಲಸದಲ್ಲಿ.

ಗಿಡದ ಎಲ್ಲ ವಿಷಗಳೂ ಹೀಗೆ ಮಾಡುವುದಿಲ್ಲ ಎಂಬುದನ್ನೂ ಎರ್ಲಿಕ್ ಗಮನಿಸಿದ್ದರು. ಮಾರ್ಫಿನ್ನಿನಂಥ ಆಲ್ಕಲಾಯ್ಡುಗಳನ್ನು ಎಷ್ಟು ಕಾಲ ಕೊಟ್ಟರೂ ರಕ್ತದಲ್ಲಿ ಅವುಗಳ ವಿರುದ್ಧ ಪ್ರತಿಕಾಯ ಏಳುತ್ತಿರಲಿಲ್ಲ. ಅಫೀಮು ತಿನ್ನುವವನ ತಾಳಿಕೆಗೆ ಬೇರೆಯೇ ಕಾರಣ. ಚಿಕ್ಕ ಅಣುವಿಗೂ ದೊಡ್ಡ ಪ್ರೋಟೀನಿಗೂ ರೋಗನಿರೋಧಕ ವ್ಯವಸ್ಥೆ ಬೇರೆ ರೀತಿಯಲ್ಲಿ ನಡೆದುಕೊಳ್ಳುತ್ತದೆ ಎಂಬ ಅರಿವಿನ ಮೊಳಕೆ ಇದು.

1892ರಲ್ಲಿ ಎರ್ಲಿಕ್ ಮಾಡಿದ ಪ್ರಯೋಗ ಇನ್ನೂ ಮನ ಮುಟ್ಟುವಂಥದ್ದು. ಈ ತಡೆ ಮಕ್ಕಳಿಗೆ ಬರುತ್ತದೆಯೇ? ರೈಸಿನ್ ತಾಳಿಕೊಂಡ ಗಂಡಿಲಿಯನ್ನು ಮಾಮೂಲು ಹೆಣ್ಣಿಲಿಯ ಜೊತೆ ಕೂಡಿಸಿದರು. ಮರಿಗಳಿಗೆ ತಡೆ ಇರಲಿಲ್ಲ. ತಾಳಿಕೊಂಡ ಹೆಣ್ಣಿಲಿಯನ್ನು ಮಾಮೂಲು ಗಂಡಿಲಿಯ ಜೊತೆ ಕೂಡಿಸಿದರು. ಮರಿಗಳಿಗೆ ತಡೆ ಇತ್ತು, ಆದರೆ ಕೆಲಕಾಲ ಮಾತ್ರ, ಬೆಳೆಯುತ್ತಿದ್ದಂತೆ ಹೋಗಿಬಿಡುತ್ತಿತ್ತು. ಅಂದರೆ ಇದು ವಂಶದಲ್ಲಿ ಹರಿದು ಬಂದ ಗುಣವಲ್ಲ, ತಾಯಿ ಕೈಯಾರೆ ಕೊಟ್ಟದ್ದು. ಹೊಟ್ಟೆಯಲ್ಲಿದ್ದಾಗ ಕೊಟ್ಟಳೋ, ಹಾಲಿನಲ್ಲಿ ಕೊಟ್ಟಳೋ? ಎರ್ಲಿಕ್ ಮರಿಗಳನ್ನು ಅದಲುಬದಲು ಮಾಡಿದರು. ಮಾಮೂಲು ತಾಯಿಗೆ ಹುಟ್ಟಿದ ಮರಿಗಳನ್ನು ತಾಳಿಕೊಂಡ ತಾಯಿಯ ಮೊಲೆಗೆ ಬಿಟ್ಟರು. ಆ ಮರಿಗಳು ರೈಸಿನ್ನಿಗೆ ಸಾಯಲಿಲ್ಲ. ತಾನೇ ಗಳಿಸಿದ ತಡೆ ಒಂದು ಬಗೆ, ಇನ್ನೊಬ್ಬರು ಕೊಟ್ಟ ತಡೆ ಇನ್ನೊಂದು ಬಗೆ ಎಂದು ಅವರು ಆಗಲೇ ಬೇರ್ಪಡಿಸಿದರು. ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿ ಕಲಿಯುವುದು ಆ ವಿಂಗಡಣೆಯನ್ನೇ.

ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಕೂಸಿನ ನೆತ್ತಿಗೆ ಔಡಲೆಣ್ಣೆ ಹಚ್ಚುವ ಕೈಗಳೇ ಆ ಹಾಲನ್ನು ಚೆಲ್ಲುವುದುಂಟು. ಮನುಷ್ಯರ ಕೂಸಿಗೆ ಬಹುಪಾಲು ರಕ್ತದ ಪ್ರತಿಕಾಯ ಗರ್ಭದಲ್ಲೇ ಮಾಸಿನ ಮೂಲಕ ದಾಟುತ್ತದೆ, ನಿಜ. ಆದರೆ ಕರುಳಿಗೆ ಬೇಕಾದ ಐಜಿಎ ಎಂಬ ಪ್ರತಿಕಾಯ ಅತಿ ದಟ್ಟವಾಗಿ ಸಿಗುವುದು ಆ ಮೊದಲ ಹಾಲಿನಲ್ಲೇ. ಔಡಲದ ವಿಷದಿಂದಲೇ ಹಾಲಿನ ಈ ಬೆಲೆ ಜಗತ್ತಿಗೆ ತಿಳಿದು 130 ವರ್ಷ ದಾಟಿತು.

ಎರ್ಲಿಕ್ 1897ರಲ್ಲಿ ಮತ್ತೆ ಔಡಲಕ್ಕೆ ಬಂದರು. ವಿಷವನ್ನು ತಡೆಯುವುದು ಜೀವಂತ ದೇಹವೋ, ಅಥವಾ ಪ್ರತಿಕಾಯವೇ ನೇರವಾಗಿ ವಿಷವನ್ನು ಹಿಡಿಯುತ್ತದೆಯೋ ಎಂಬುದು ಆಗಿನ ಜಗಳ. ಇಲ್ಲಿ ಸ್ಟಿಲ್ಮಾರ್ಕ್ ಕಂಡ ವಿಚಿತ್ರ ಉಪಯೋಗಕ್ಕೆ ಬಂತು. ಗಾಜಿನ ನಳಿಗೆಯಲ್ಲಿ ರಕ್ತ, ಅದಕ್ಕೆ ರೈಸಿನ್: ಕಣಗಳು ಗಂಟುಕಟ್ಟಿದವು. ಇನ್ನೊಂದು ನಳಿಗೆಯಲ್ಲಿ ರೈಸಿನ್ ಜೊತೆಗೆ ತಾಳಿಕೊಂಡ ಪ್ರಾಣಿಯ ಸೀರಮ್: ಗಂಟು ಕಟ್ಟಲೇ ಇಲ್ಲ. ದೇಹವೇ ಇಲ್ಲದ ಗಾಜಿನೊಳಗೆ, ಕಣ್ಣೆದುರಿಗೆ ಪ್ರತಿಕಾಯ ವಿಷವನ್ನು ಕಟ್ಟಿಹಾಕಿತ್ತು. ಇಂದು ಲ್ಯಾಬುಗಳಲ್ಲಿ ಒಂದು ಹನಿ ರಕ್ತದಿಂದ ನಡೆಯುವ ನೂರು ಬಗೆಯ ಪರೀಕ್ಷೆಗಳ ಹಿಂದೆ ಇಂಥ ನಳಿಗೆಗಳಿವೆ. 1908ರಲ್ಲಿ ಎರ್ಲಿಕ್‌ಗೆ ರಷ್ಯದ ವಿಜ್ಞಾನಿ ಮೆಚ್ನಿಕಾಫ್ ಜೊತೆ ನೊಬೆಲ್ ಬಂತು. ಗುಲಗಂಜಿಯೂ ಕಣ್ಣಿಗೆ ಮರಳಿತು: ಪೌಲ್ ರೋಮರ್ ಎಂಬ ವೈದ್ಯರು 1901ರಲ್ಲಿ ಮೊಲದ ಒಂದೇ ಕಣ್ಣಿಗೆ ಏಬ್ರಿನ್ ಪಳಗಿಸಿ, ಆ ಕಣ್ಣಿನ ಪೊರೆಯಲ್ಲಿ ತಡೆ ಹುಟ್ಟಿದೆ, ಇನ್ನೊಂದರಲ್ಲಿ ಇಲ್ಲ ಎಂದು ತೋರಿಸಿದರು. ದೇಹ ತಾನು ಪೆಟ್ಟು ತಿಂದ ಜಾಗದಲ್ಲೇ ಪ್ರತಿಕಾಯವನ್ನು ತಯಾರಿಸಬಲ್ಲದು ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಇದೂ ಒಂದು.

ರೈಸಿನ್ ನಿಜವಾಗಿ ಹೇಗೆ ಕೊಲ್ಲುತ್ತದೆಂದು ಪೂರ್ತಿ ತಿಳಿಯಲು ಸುಮಾರು 100 ವರ್ಷ ಬೇಕಾಯಿತು. ಅದಕ್ಕೆ ಎರಡು ತುಂಡುಗಳು. ಒಂದು, ಜೀವಕೋಶದ ಮೈಮೇಲಿನ ಸಕ್ಕರೆಯನ್ನು ಹಿಡಿದು ಒಳಗೆ ನುಗ್ಗಲು ದಾರಿ ಮಾಡುತ್ತದೆ. ಇನ್ನೊಂದು, ಒಳಗೆ ಪ್ರೋಟೀನು ತಯಾರಿಸುವ ರೈಬೋಸೋಮಿನಿಂದ ಅಡೆನಿನ್ ಎಂಬ ಒಂದೇ ಒಂದು ತುಣುಕನ್ನು ಕಿತ್ತುಹಾಕುತ್ತದೆ. ಅಷ್ಟಕ್ಕೇ ಕಾರ್ಖಾನೆ ನಿಂತುಹೋಗುತ್ತದೆ. ಜಪಾನಿನ ಯಾಎತ ಎಂಡೊ ಮತ್ತು ಕುನಿಯೊ ತ್ಸುರುಗಿ ಇದನ್ನು 1987ರಲ್ಲಿ ಬಿಡಿಸಿ ತೋರಿಸಿದರು. 1978ರಲ್ಲಿ ಲಂಡನ್ನಿನ ಬೀದಿಯಲ್ಲಿ ಬಲ್ಗೇರಿಯದ ಲೇಖಕ ಗಿಯೋರ್ಗಿ ಮಾರ್ಕೊವ್ ಕೊಲೆಯಾದ ಮೇಲೆ ರೈಸಿನ್ ಎಂದರೆ ಬೇಹುಗಾರರ ವಿಷ ಎಂಬ ಕುಖ್ಯಾತಿಯೇ ಹರಡಿತು. ರೈಸಿನ್ ವಿಜ್ಞಾನಕ್ಕೆ ಮಾಡಿದ ಉಪಕಾರ ಆ ಸುದ್ದಿಯ ಗದ್ದಲದಲ್ಲಿ ಮರೆಯಾಯಿತು.

ಬೀಜದ ಲೆಕ್ಟಿನ್‌ಗಳ ಕತೆ ಅಲ್ಲಿಗೇ ಮುಗಿಯಲಿಲ್ಲ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಪೀಟರ್ ನೋವೆಲ್ ರಕ್ತದ ಬಿಳಿ ಕಣಗಳನ್ನು ಬೆಳೆಸುತ್ತಿದ್ದರು. ಕೆಂಪು ಕಣಗಳನ್ನು ಗಂಟುಕಟ್ಟಿಸಿ ಬೇರೆ ಮಾಡಲು ರಾಜ್ಮಾ ಜಾತಿಯ ಕಾಳಿನ ಲೆಕ್ಟಿನ್ ಬಳಸುವುದು ವಾಡಿಕೆ. ಸುಮ್ಮನೆ ಕೂತಿರಬೇಕಾದ ಲಿಂಫೋಸೈಟು ಎಂಬ ಬಿಳಿ ಕಣಗಳು ಆ ಪಾತ್ರೆಗಳಲ್ಲಿ ಇಬ್ಭಾಗವಾಗಿ ಹೆಚ್ಚುತ್ತಿದ್ದವು. ಕಾರಣ ಹುಡುಕಿದರೆ ಅದು ಕಾಳಿನ ಲೆಕ್ಟಿನ್ನೇ ಆಗಿತ್ತು. ಲಿಂಫೋಸೈಟ್ ಮುದಿಯಾಗಿ ಸಾಯಲು ಕಾಯುವ ಕಣವಲ್ಲ, ಸರಿಯಾದ ಕರೆ ಬಂದರೆ ಮತ್ತೆ ಎದ್ದು ಸೈನ್ಯ ಬೆಳೆಸುವ ಕಣ ಎಂದು ಗೊತ್ತಾದದ್ದು ಹೀಗೆ. ರಕ್ತದಿಂದ ಮಾಡುವ ಕ್ರೋಮೋಸೋಮು ಪರೀಕ್ಷೆಗೆ ಇಂದೂ ಲ್ಯಾಬುಗಳು ಅದೇ ಕಾಳಿನ ಲೆಕ್ಟಿನ್ ಬಳಸುತ್ತವೆ.

ಹಲಸಿನ ಬೀಜದ ಲೆಕ್ಟಿನ್ ಜಾಕಲಿನ್ ನಮಗೆ ಇನ್ನೂ ಹತ್ತಿರದ್ದು. ಅದು ತಾಯಿಹಾಲಿನ ಅದೇ ಐಜಿಎ ಪ್ರತಿಕಾಯವನ್ನು ಹಿಡಿಯುತ್ತದೆ ಎಂದು ಬ್ರೆಜಿಲ್ಲಿನ ವಿಜ್ಞಾನಿಗಳು 1985ರಲ್ಲಿ ತೋರಿಸಿದರು. ಅದರ ಆಕಾರವನ್ನು ಪರಮಾಣು ಪರಮಾಣುವಾಗಿ 1996ರಲ್ಲಿ ಬಿಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಅವಧೇಶ ಸುರೋಲಿಯ ಮತ್ತು ಸಂಗಡಿಗರು. ಅವರಲ್ಲಿ ಒಬ್ಬರಾದ ಶಂಕರನಾರಾಯಣನ್ ಆಮೇಲೆ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಸೇರಿದರು.

ಔಡಲಕ್ಕೆ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಇನ್ನೊಂದು ಮುಖವಿದೆ. ಬೀಜದ ಧೂಳಿನಲ್ಲಿ ರೈಸಿನ್ ಅಲ್ಲದ ಬೇರೆ ಚಿಕ್ಕ ಪ್ರೋಟೀನುಗಳಿವೆ, ಅವು ಅಲರ್ಜಿ ತರುವುದರಲ್ಲಿ ಬಲು ಜೋರು. ಅಮೆರಿಕದ ಟೊಲಿಡೊ ಊರಲ್ಲಿ ಔಡಲೆಣ್ಣೆ ಗಿರಣಿಯ ಸುತ್ತಲಿನ ಜನರಿಗೆ ಗಾಳಿ ಬೀಸಿದ ದಿಕ್ಕಿನಲ್ಲೆಲ್ಲ ಉಬ್ಬಸ ಬರುತ್ತಿದ್ದುದನ್ನು ಇಬ್ಬರು ವೈದ್ಯರು 1928ರಲ್ಲಿ ವರದಿ ಮಾಡಿದ್ದರು. ಔಡಲ ಬಡಿಯುವಾಗ, ಹಿಂಡಿಯ ಪುಡಿ ಹೊಲಕ್ಕೆ ಎರಚುವಾಗ ಮೂಗು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಹೇಳಲು ಇಂದಿನ ಕಾರಣವೂ ಒಂದಿದೆ. ಔಷಧದಂಗಡಿಯಲ್ಲಿ, ಟಿವಿಯಲ್ಲಿ, ಮೊಬೈಲಿನಲ್ಲಿ ಇಮ್ಯುನಿಟಿ ಹೆಚ್ಚಿಸುವ ಗಿಡಮೂಲಿಕೆಗಳ ಜಾಹೀರಾತು ತುಂಬಿದೆ. ರೋಗನಿರೋಧಕ ಶಕ್ತಿ ಒಂದು ಕೊಡದ ನೀರಿನ ಹಾಗೆ ಒಟ್ಟಾರೆ ಏರಿಸಬಹುದಾದದ್ದು ಎಂಬ ಭಾವನೆಯನ್ನು ಅವು ಬಿತ್ತುತ್ತವೆ. ನೂರಾರು ಪಟ್ಟು ರೈಸಿನ್ ತಾಳಿದ ಇಲಿ ಏಬ್ರಿನ್ನಿಗೆ ಸತ್ತದ್ದನ್ನು ಬಲ್ಲವರು ಆ ಮಾತನ್ನು ನಂಬಲಾರರು. ದೇಹಕ್ಕೆ ಹುಟ್ಟಿನಿಂದ ಬಂದ ಸಾಮಾನ್ಯ ಕಾವಲೂ ಇದೆ, ಅದನ್ನು ಕೆಲವು ಗಿಡದ ವಸ್ತುಗಳು ಎಚ್ಚರಿಸುತ್ತವೆ ಎಂಬುದೂ ನಿಜ. ಆದರೆ ಎಚ್ಚರಿಸುವುದು ಎಲ್ಲರಿಗೂ, ಎಲ್ಲ ಕಾಲಕ್ಕೂ ಒಳ್ಳೆಯದಲ್ಲ.

ಅಮೃತಬಳ್ಳಿಯನ್ನೇ ನೋಡಿ. ತೆಲುಗಿನಲ್ಲಿ ತಿಪ್ಪತೀಗ, ನಮ್ಮ ಬೇವಿನ ಮರಗಳ ಮೇಲೆ ಹಬ್ಬುವ ಬಳ್ಳಿ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಶಾರದಿನಿ ಡಹಾಣೂಕರ್ ಮತ್ತು ಸಂಗಡಿಗರು ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದ 30 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಲ್ಲಿ ಆಪರೇಷನ್ ನಂತರ ಬದುಕಿದವರು ನೂರಕ್ಕೆ 40, ಜೊತೆಗೆ ಅಮೃತಬಳ್ಳಿಯನ್ನೂ ಪಡೆದವರಲ್ಲಿ ನೂರಕ್ಕೆ 92. ಸೂಕ್ಷ್ಮಾಣುವನ್ನು ನುಂಗಿ ಕೊಲ್ಲುವ ಬಿಳಿ ಕಣಗಳ ಬಲ ಅವರಲ್ಲಿ ಮರಳಿತ್ತು. ಚಿಕ್ಕ ಅಧ್ಯಯನವಾದರೂ ಆಸೆ ಹುಟ್ಟಿಸುವ ಫಲ. ಮುಂದೆ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಈ ಬಳ್ಳಿಯಿಂದ ರೋಗನಿರೋಧಕ ಕಣಗಳನ್ನು ಎಬ್ಬಿಸುವ ಒಂದು ದೊಡ್ಡ ಸಕ್ಕರೆ ಅಣುವನ್ನೇ ಬೇರ್ಪಡಿಸಿದರು. ಕೊರೊನಾ ಬಂದಾಗ ಜನ ಇದನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಕುಡಿದರು. ಹೈದರಾಬಾದಿನ ಎಐಜಿ ಆಸ್ಪತ್ರೆಯ ಡಾ. ಆನಂದ ಕುಲಕರ್ಣಿ ಮತ್ತು ದೇಶದ 13 ಕೇಂದ್ರಗಳ ವೈದ್ಯರು 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೀಗೆ ಕುಡಿದು ಯಕೃತ್ತಿಗೆ ಪೆಟ್ಟಾದ 43 ಜನರ ವಿವರವಿದೆ. ಬಹಳ ಮಂದಿಯಲ್ಲಿ ಕಂಡದ್ದು ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಯಕೃತ್ತಿನ ಮೇಲೆಯೇ ತಿರುಗಿಬಿದ್ದ ಲಕ್ಷಣ. ಇದೇ ಬಗೆಯ ವರದಿ ಮುಂಬಯಿಯಿಂದ 2021ರಲ್ಲಿ ಬಂದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ನೋಡಲು ಇದರಂತೆಯೇ ಇರುವ ಬೇರೆ ಜಾತಿಯ ಬಳ್ಳಿ ಬೆರೆತಿರಬಹುದೆಂದಿತು. ಅದು ನಿಜವಿದ್ದರೂ ಎಚ್ಚರಿಕೆಗೆ ಇನ್ನೊಂದು ಕಾರಣವಾಯಿತೇ ಹೊರತು ಕಡಿಮೆಯಾಗಲಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಕಾಯಿಲೆ ಇದ್ದವರಿಗೆ, ಅಳತೆಯಲ್ಲಿ, ವೈದ್ಯರ ಕಣ್ಣೆದುರಿಗೆ ಕೊಟ್ಟಾಗ ಫಲ ಕೊಟ್ಟ ಗಿಡವನ್ನು ಆರೋಗ್ಯವಂತರು ಇಮ್ಯುನಿಟಿಗೆಂದು ದಿನವೂ ಕುಡಿಯಬಾರದು. ಮೊದಲೇ ಯಕೃತ್ತಿನ ತೊಂದರೆ, ಥೈರಾಯ್ಡು, ಕೀಲುವಾತದಂಥ ಕಾಯಿಲೆ ಇದ್ದವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಕೃಷ್ಣಾ ಮಂಡಲದ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಎಂಟು, ಒಂಬತ್ತನೆಯ ತರಗತಿಯಲ್ಲಿ ಪ್ರತಿಕಾಯದ ಪಾಠ ಬಂದಾಗ ಮಕ್ಕಳನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಔಡಲದ ಗಿಡವನ್ನು, ಬೇಲಿಯ ಗುಲಗಂಜಿಯನ್ನು ದೂರದಿಂದ ತೋರಿಸಿ, ಎರ್ಲಿಕ್ಕರ ಇಲಿಗಳ ಕತೆ ಹೇಳಿ. ಬೀಜವನ್ನು ಬಾಯಿಗಿಡಬಾರದು, ಗುಲಗಂಜಿಗೆ ತೂತು ಕೊರೆದು ಸರ ಪೋಣಿಸಬಾರದು ಎಂದೂ ಅದೇ ಉಸಿರಿನಲ್ಲಿ ಹೇಳಿ. ಮಗು ಇವುಗಳಲ್ಲಿ ಯಾವುದನ್ನಾದರೂ ಅಗಿದು ನುಂಗಿದೆ ಎಂಬ ಅನುಮಾನ ಬಂದರೆ ಮನೆಮದ್ದು ಮಾಡುತ್ತ, ವಾಂತಿ ಆಗುತ್ತದೋ ನೋಡೋಣ ಎಂದು ಕಾಯಬೇಡಿ. ಲಕ್ಷಣ ಕಾಣಲು ಹಲವು ಗಂಟೆ ಹಿಡಿಯಬಹುದು, ಈ ವಿಷಗಳಿಗೆ ನೇರ ಪ್ರತಿವಿಷ ನಮ್ಮ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಬೇಗ ಶುರುವಾದ ಆರೈಕೆಯೇ ಜೀವ ಉಳಿಸುತ್ತದೆ. 108ಕ್ಕೆ ಫೋನು ಮಾಡಿ, ಉಳಿದ ಬೀಜವನ್ನು ಕಾಗದದಲ್ಲಿ ಸುತ್ತಿಕೊಂಡು, ಮಗುವನ್ನು ಆ ಕ್ಷಣವೇ ನಾರಾಯಣಪೇಟೆ, ಗದ್ವಾಲ ಅಥವಾ ರಾಯಚೂರಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.